ಬಸವನ ಹೆಣ್ಣುಮಕ್ಕಳ ಲೆಕ್ಕ

ಹಸುವಿನ ವಯಸ್ಸೆಷ್ಟು ಎಂದು ಕೇಳಿದರೆ ಅರಸೀಕೆರೆ ಹತ್ತಿರದ ಗಂಡಸಿ ಕಡೆ ಯಾರೂ ವರ್ಷ ಹೇಳುವುದಿಲ್ಲ. "ಮೂರ್ನೇ ಸೂಲು ಕಣವ್ವ" ಎನ್ನುತ್ತಾರೆ. ಮೂರು ಸಲ ಈದಿದೆ ಎಂದು ಅರ್ಥ. ನಾಟಿ ಹಸು ಮೊದಲ ಸಲ ಈಯುವುದಕ್ಕೆ ನಾಲ್ಕು ವರ್ಷ, ಅಲ್ಲಿಂದ ಸೂಲಿಗೆ ಒಂದೂವರೆ ವರ್ಷ ಎಂದು ಹಿಡಿದುಕೊಂಡರೆ ವಯಸ್ಸು ಸಿಕ್ಕಿಬಿಡುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೀಗೆ ಸೂಲು ಕೇಳಿಕೊಂಡು ಅರಸೀಕೆರೆ–ಗಂಡಸಿ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಓದಿದ್ದು ಗಣಿತ. ಕೆಲಸ ಸಿಕ್ಕಿದ್ದು ನಾಟಿ ದನಗಳ ತಳಿ ಉಳಿಸುವ ಒಂದು ಯೋಜನೆಯಲ್ಲಿ. ಹಗರೆಯಂಥ ಹಳ್ಳಿಯವಳಾಗಿಯೂ ಹಾಲು ಕರೆಯಲು ಬಾರದವಳು ದನದ ಕೆಲಸಕ್ಕೆ ಸೇರಿದಳಲ್ಲ ಎಂದು ನಮ್ಮ ಮನೆಯಲ್ಲಿ ನಕ್ಕಿದ್ದೇ ನಕ್ಕಿದ್ದು. ನಗಲಿ ಬಿಡಿ. ಹಾಲು ಕರೆಯುವುದಕ್ಕೆ ಊರು ತುಂಬ ಜನರಿದ್ದರು. ಈ ಲೆಕ್ಕ ಮಾಡುವುದಕ್ಕೆ ಆ ಸೀಮೆಯಲ್ಲಿ ನಾನೊಬ್ಬಳೇ ಇದ್ದೆ.

ಲೆಕ್ಕ ಏನೆಂದರೆ, ಒಂದು ಊರಿನ ದನಗಳಲ್ಲಿ ಇಂದು ಇರುವ ವಂಶವಾಹಿಗಳು ಇನ್ನು ಹತ್ತಿಪ್ಪತ್ತು ವರ್ಷದಲ್ಲಿ ಏನಾಗುತ್ತವೆ ಎಂದು ಮೊದಲೇ ಹೇಳುವುದು. ಪಠ್ಯಪುಸ್ತಕದ ಸುಲಭ ವಿಧಾನದಲ್ಲಿ ಒಂದು ತಲೆಮಾರು ಪೂರ್ತಿ ಮುಗಿದ ಮೇಲೆ ಇನ್ನೊಂದು ತಲೆಮಾರು ಶುರುವಾಗುತ್ತದೆ. ರಾಗಿಗೆ ಅದು ಸರಿ. ಬಿತ್ತಿದಿರಿ, ಕೊಯ್ದಿರಿ, ಮತ್ತೆ ಬಿತ್ತಿದಿರಿ. ದನ ಹಾಗಲ್ಲವಲ್ಲ! ಅಜ್ಜಿ, ತಾಯಿ, ಮಗಳು ಮೂವರೂ ಒಂದೇ ಗೋದಲೆಯಲ್ಲಿ ಹುಲ್ಲು ತಿನ್ನುತ್ತಿರುತ್ತಾರೆ. ಅದಕ್ಕೇ ನಾನು ವಯಸ್ಸಿಗೊಂದು ಸಾಲು ಮಾಡಿಕೊಂಡೆ. ಈ ಸಾಲಿನ ಎಷ್ಟು ಹಸು ಬದುಕಿ ಮುಂದಿನ ಸಾಲಿಗೆ ಹೋಗುತ್ತವೆ, ಎಷ್ಟು ಕರು ಹಾಕುತ್ತವೆ, ಆ ಕರುಗಳ ತಂದೆ ಯಾರು ಎಂಬುದನ್ನೆಲ್ಲ ಒಂದು ಕೋಷ್ಟಕದಲ್ಲಿ ತುಂಬಿ, ವರ್ಷಕ್ಕೊಂದು ಸಲ ತಿರುಗಿಸುತ್ತ ಹೋಗುವುದು. ಬೆಂಗಳೂರಿನಲ್ಲಿದ್ದ ನಮ್ಮ ಯೋಜನೆಯ ಮುಖ್ಯಸ್ಥರಿಗೆ ಇದು ಹಿಡಿಸಲಿಲ್ಲ. "ಅಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಲೆಕ್ಕ ಯಾಕಮ್ಮಾ?" ಎಂದರು. ಊರು ಸಣ್ಣದಾದಷ್ಟೂ ಸಂಬಂಧ ಹತ್ತಿರವಾಗುತ್ತದೆ ಸಾರ್, ಲೆಕ್ಕ ಬೇಕಾಗುವುದೇ ಅಲ್ಲಿ ಎಂದು ಉತ್ತರ ಕೊಟ್ಟೆ. ಅವರು ಫೈಲು ಮುಚ್ಚಿದರು. ನಾನು ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡೆ.

ಗಂಡಸಿ ಹೋಬಳಿಯ ಒಂದು ಹಳ್ಳಿ ನನ್ನ ಪಾಲಿಗೆ ಬಂತು. ತೆಂಗಿನ ತೋಟ, ರಾಗಿ ಹೊಲ, ಒಂದು ಕೆರೆ, ಅರವತ್ತರಷ್ಟು ನಾಟಿ ಹಸು, ಎಲ್ಲಕ್ಕೂ ಸೇರಿ ಒಬ್ಬನೇ ಬಸವ. ಬಸವ ಎಂದರೆ ದೇವರಿಗೆ ಬಿಟ್ಟ ಹೋರಿ. ಅವನಿಗೆ ಹಗ್ಗವಿಲ್ಲ, ನೊಗವಿಲ್ಲ. ಯಾರ ಹೊಲಕ್ಕೆ ನುಗ್ಗಿ ಮೇಯ್ದರೂ "ಬಸವಣ್ಣ ಬಂದ" ಎಂದು ಕೈಮುಗಿಯುತ್ತಾರೆ. ಊರಿನ ಹಸುಗಳೆಲ್ಲ ಗಬ್ಬವಾಗುವುದು ಅವನಿಂದಲೇ. ಸಾಯುವವರೆಗೂ ಅವನದೇ ರಾಜ್ಯ, ಸತ್ತ ಮೇಲೆ ಅವನ ಮಗನೊಬ್ಬನನ್ನು ಅದೇ ಜಾಗಕ್ಕೆ ಬಿಡುತ್ತಾರೆ. ಈಗಿನ ಬಸವನನ್ನು ಕೆರೆ ಕೋಡಿ ಬಿದ್ದ ವರ್ಷ ಬಿಟ್ಟದ್ದು ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಲೆಕ್ಕ ಹಾಕಿದರೆ ಹತ್ತು ವರ್ಷವಾಗಿತ್ತು. ನೋಡಲು ಏನು ಚೆಂದ ಅಂತೀರಿ! ಬೂದುಬಣ್ಣದ ಮೈ, ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬು, ರಸ್ತೆ ಮಧ್ಯೆ ನಿಂತರೆ ಗಂಡಸಿಯ ಬಸ್ಸೂ ಕಾಯಬೇಕು.

ಆ ಊರಿನಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಮೊದಲು ಹೇಳಿದವರು ಹೋಬಳಿಯ ಪಶುವೈದ್ಯರು. ಸಜ್ಜನ, ಸ್ವಲ್ಪ ಪುಕ್ಕಲು, ಒಳ್ಳೆಯ ಕೈಗುಣ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ಅತ್ತಿತ್ತ ನೋಡಿ ಹೇಳಿದರು. "ಹಾಲಿನಕ್ಕನ ಕೊಟ್ಟಿಗೇಲಿ ಮೂರು ಕರು ಹಂಗೇ ಹುಟ್ಟಿದ್ವು ಮೇಡಂ. ಕಾಲು ಮಡಚ್ಕೊಂಡು ಮರದ ತುಂಡಿನ ಥರ ಗಟ್ಟಿ. ದವಡೆ ಗಿಡ್ಡ. ಕೆಚ್ಚಲಿಗೆ ಬಾಯಿ ಇಡಕ್ಕಾಗಲ್ಲ. ಸಂಜೆ ಒಳಗೆ ಹೋಗ್ಬಿಡ್ತವೆ." ಅವರು ಮೇವು, ಕಳೆ, ಉಪ್ಪಿನಂಶದ ಕೊರತೆ ಎಲ್ಲವನ್ನೂ ಅನುಮಾನಿಸಿ ನೋಡಿದ್ದರು. ಯಾವುದೂ ಹೊಂದಿರಲಿಲ್ಲ.

ಹಾಲಿನಕ್ಕ ಎಂದು ಊರವರು ಕರೆಯುತ್ತಿದ್ದದ್ದು ಐವತ್ತರ ಆಸುಪಾಸಿನ ಒಬ್ಬ ಹೆಂಗಸನ್ನು. ಗಂಡ ತೀರಿಕೊಂಡ ಮೇಲೆ ಮೂರು ಹಸುವಿನ ಹಾಲಿನಲ್ಲೇ ಮನೆ ನಡೆಸಿಕೊಂಡು ಬಂದವರು. ನಾನು ಹೋದಾಗ ಅವರ ಹಸುಗಳು ಊರ ಮಂದೆಯಲ್ಲಿ ಇರಲಿಲ್ಲ. ರಸ್ತೆ ಪಕ್ಕದಲ್ಲಿ ಬೇರೆಯಾಗಿ ಮೇಯಿಸುತ್ತಿದ್ದರು.

"ಯಾಕಕ್ಕ, ಮಂದೆಗೆ ಬಿಟ್ಟಿಲ್ವಾ?" ಎಂದೆ.

"ಬಿಟ್ಟಾರಾ! ನನ್ನ ಕೊಟ್ಟಿಗೇಗೆ ದೋಷ ಐತಂತೆ. ನಾನು ಮುಟ್ಟಿದ್ ಹಸಾ ಮಂದೇಲಿ ಮೇಯ್ದ್ರೆ ಊರಿಗೆಲ್ಲ ಅಂಟ್ತದಂತೆ. ಯುಗಾದಿ ಒಳ್ಗೆ ಮೂರ್ನೂ ಅರಸೀಕೆರೆ ಸಂತೆಗೆ ಹೊಡೀಬೇಕು ಅಂತ ಯಜಮಾನ್ರು ಹೇಳವ್ರೆ." ಕೆಂದಿ ಎಂಬ ಕೆಂಪು ಹಸುವಿನ ಬೆನ್ನಿಗೆ ಹತ್ತಿದ ಉಣ್ಣೆಹುಳು ಕೀಳುತ್ತಲೇ ಹೇಳಿದರು. "ಮಾರಿ ಏನ್ ತಿನ್ಲವ್ವ? ಮಣ್ಣಾ?"

ಯಜಮಾನರು ಎಂದರೆ ದೇವಸ್ಥಾನದ ಯಜಮಾನರು. ತೆಂಗಿನ ವ್ಯಾಪಾರದವರು, ಮಠದ ಕಡೆಯೂ ಮಾತು ನಡೆಯುವವರು. ಕೆಟ್ಟವರೇನೂ ಅಲ್ಲ, ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡು ಅಭ್ಯಾಸವಿಲ್ಲ. ಅವರ ಹೆಂಡತಿಯೂ ಹಾಲಿನಕ್ಕನೂ ಒಂದೇ ತವರೂರಿನಿಂದ ಬಂದ ಸೊಸೆಯಂದಿರು, ಒಂದು ಕಾಲಕ್ಕೆ ಬಾವಿಗೂ ಜೊತೆಯಾಗಿಯೇ ಹೋಗುತ್ತಿದ್ದವರು. ಈಗ ಮಾತು ಬಿಟ್ಟು ತಿಂಗಳುಗಳಾಗಿದ್ದವು. ಯುಗಾದಿಗೆ ಇನ್ನೆರಡು ತಿಂಗಳಿತ್ತು.

ಕರುಗಳ ವಿಷಯ ಕೇಳಿದ ಕ್ಷಣವೇ ನನ್ನ ತಲೆಯಲ್ಲಿ ಕೋಷ್ಟಕ ತಿರುಗಿತು. ಬಸವ ಬಂದು ಹತ್ತು ವರ್ಷ. ಅವನ ಮೊದಲ ಹೆಣ್ಣುಕರುಗಳು ಮೂರು ವರ್ಷಕ್ಕೆ ಬೆದೆಗೆ ಬಂದಿರುತ್ತವೆ. ಊರಲ್ಲಿ ಇರುವ ಹೋರಿ ಅವನೊಬ್ಬನೇ. ಅಂದರೆ ಐದು ವರ್ಷದಿಂದ ಅವನ ಹೆಣ್ಣುಮಕ್ಕಳು ಅವನಿಂದಲೇ ಈಯುತ್ತಿವೆ! ತಲೆಮಾರು ಮುಗಿಸಿ ತಲೆಮಾರು ಎಣಿಸುವ ಲೆಕ್ಕಕ್ಕೆ ಇದು ಕಾಣುವುದೇ ಇಲ್ಲ. ಅಲ್ಲಿ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ತಂದೆ ಇರುವುದಿಲ್ಲ. ನನ್ನ ಲೆಕ್ಕದಲ್ಲಿ ಕಾಣುತ್ತದೆ. ಬಸವ ತನ್ನಲ್ಲಿ ಒಂದು ಕೆಟ್ಟ ವಂಶವಾಹಿಯನ್ನು ಅಡಗಿಸಿಕೊಂಡಿದ್ದರೆ, ಅವನಿಗೆ ಏನೂ ಆಗುವುದಿಲ್ಲ. ಅವನ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟಕ್ಕೆ ಅದು ಹೋಗುತ್ತದೆ, ಅವಕ್ಕೂ ಏನೂ ಆಗುವುದಿಲ್ಲ. ತಂದೆಯಿಂದಲೇ ಮಗಳು ಈದಾಗ ಎರಡು ಕಡೆಯಿಂದಲೂ ಅದೇ ಬಂದು ಸೇರಿದ ಕರು ಮಾತ್ರ ಏಳುವುದಿಲ್ಲ. ಅವನ ಹೆಣ್ಣುಮಕ್ಕಳು ಹಾಕುವ ಎಂಟು ಕರುಗಳಲ್ಲಿ ಸರಾಸರಿ ಒಂದು ಹೀಗಾಗಬೇಕು.

ಅರಸೀಕೆರೆಯಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಆಗ ಒಂದು ಕಂಪ್ಯೂಟರ್ ಇತ್ತು. ಬೆಳಿಗ್ಗೆ ಹುಡುಗಿಯರು ಟೈಪು ಕುಟ್ಟುವ ಸದ್ದಿನ ನಡುವೆ ಕೂತು ಊರಿನ ಅಷ್ಟೂ ಹಸುಗಳ ಸೂಲು ತುಂಬಿ ಲೆಕ್ಕ ಓಡಿಸಿದೆ. ಕರೆಂಟು ಹೋದರೆ ಮತ್ತೆ ಮೊದಲಿಂದ. ಕೊನೆಗೆ ಉತ್ತರ ಬಂತು: ಇಷ್ಟು ವರ್ಷದಲ್ಲಿ ಅಂಥ ಕರುಗಳು ಹತ್ತರ ಆಸುಪಾಸು ಹುಟ್ಟಿರಬೇಕು. ಊರಿಗೆ ಗೊತ್ತಿದ್ದದ್ದು ಮೂರು. ಆ ಮೂರೂ ಹಾಲಿನಕ್ಕನ ಕೊಟ್ಟಿಗೆಯಲ್ಲಿ.

ಎಸ್‌ಟಿಡಿ ಬೂತಿನಿಂದ ಮುಖ್ಯಸ್ಥರಿಗೆ ಫೋನು ಮಾಡಿದೆ.

"ನಿಮ್ಮ ಲೆಕ್ಕದ ಮಾದರಿ ಹತ್ತು ಅನ್ನತ್ತೆ, ಊರು ಮೂರು ಅನ್ನತ್ತೆ. ಅದೂ ಒಂದೇ ಮನೇಲಿ. ಯಾವುದನ್ನ ನಂಬಬೇಕಮ್ಮಾ?"

"ಮಾದರಿಯನ್ನ ಸಾರ್."

"ಹಟ ಬೇಡ. ವಂಶವಾಹಿಯೇ ಕಾರಣವಾಗಿದ್ರೆ ಊರು ತುಂಬ ಹರಡ್ಕೊಂಡಿರ್ಬೇಕಿತ್ತು. ಒಂದೇ ಕೊಟ್ಟಿಗೇಲಿ ಆಗಿದೆ ಅಂದ್ರೆ ಆ ಕೊಟ್ಟಿಗೇಲೇ ಏನೋ ಇದೆ. ಹಾಗಂತ ಬರೆದು ಮುಗಿಸಿ."

ನನಗೆ ಮೈಯೆಲ್ಲ ಉರಿದುಹೋಯಿತು. ಹಾಗೆ ಬರೆದರೆ ಯಜಮಾನರು ಹೇಳಿದ್ದಕ್ಕೆ ನಾನೇ ಮುದ್ರೆ ಒತ್ತಿದ ಹಾಗಾಗುತ್ತಿತ್ತು. ಹಾಲಿನಕ್ಕನ ಹಸುಗಳನ್ನು ಸಂತೆಗೆ ಅಟ್ಟಲು ಅವರಿಗೆ ಅದಕ್ಕಿಂತ ಒಳ್ಳೆಯ ಕಾಗದ ಬೇರೆ ಬೇಕಿರಲಿಲ್ಲ.

ಮತ್ತೆ ಕಂಪ್ಯೂಟರ್ ಮುಂದೆ ಕೂತೆ. ಈ ಸಲ ಕರುಗಳನ್ನು ಬಿಟ್ಟು ಬರೀ ವಯಸ್ಸಿನ ಸಾಲುಗಳನ್ನು ನೋಡಿದೆ. ಹಸುಗಳು ವರ್ಷ ವರ್ಷ ಒಂದೊಂದು ಸಾಯುತ್ತವಾದ್ದರಿಂದ ಸಾಲುಗಳು ಮೇಲಕ್ಕೆ ಹೋದಂತೆ ನಿಧಾನವಾಗಿ ಸಣ್ಣಗಾಗಬೇಕು. ಇಲ್ಲಿ ಹಾಗಿರಲಿಲ್ಲ. ಒಂದು ಮತ್ತು ಎರಡನೇ ಸೂಲಿನ ಸಾಲು ಉಬ್ಬಿಕೊಂಡಿತ್ತು. ಮೂರು ನಾಲ್ಕರ ಸಾಲು ಬರಿದಾಗಿತ್ತು. ಅದರ ಮೇಲಿನ ಮುದಿ ಹಸುಗಳ ಸಾಲು ಮತ್ತೆ ಇರಬೇಕಾದಷ್ಟೇ ಇತ್ತು. ಮಧ್ಯವಯಸ್ಸಿನ ಹಸುಗಳು ಎಲ್ಲಿ ಹೋದವು? ಮಾರಿದ್ದಾರೆಯೇ? ಕರೆಯುವ ಹಸು ಮಾರುವವರು ಆ ಊರಲ್ಲಿ ಇಲ್ಲ. ಮೊದಲು ನನ್ನ ಪ್ರೋಗ್ರಾಮನ್ನೇ ಬೈದು, ಸಾಲು ಸಾಲಾಗಿ ಓದಿ ನೋಡಿದೆ. ಅದು ಸರಿಯಾಗಿತ್ತು. ಅದು ಸರಿಯಿದ್ದರೆ ಹಸುಗಳ ವಯಸ್ಸು ತಪ್ಪು. ಬೇರೆ ದಾರಿಯೇ ಇಲ್ಲ.

ಪಶುವೈದ್ಯರನ್ನು ಹಿಡಿದೆ. "ಸೂಲು ಕೇಳದೆ ಹಸುವಿನ ವಯಸ್ಸು ಹೇಳೋಕಾಗತ್ತಾ ಡಾಕ್ಟ್ರೇ?"

"ಐದು ವರ್ಷದ ತನಕ ಹಲ್ಲು ಹೇಳತ್ತೆ ಮೇಡಂ. ಆಮೇಲೆ ಹಲ್ಲಿನ ಸವೆತ. ಅದಲ್ದೆ ಕೊಂಬಿನ ಬಳೆ. ಹಸು ಒಂದೊಂದು ಸಲ ದಿನ ತುಂಬಿ ಈದಾಗ್ಲೂ ಕೊಂಬಿನ ಬುಡದಲ್ಲಿ ಒಂದು ಗೆರೆ ಬೀಳತ್ತೆ."

"ಕರು ಸತ್ತರೂ?"

"ಗಬ್ಬ ಹೊತ್ತಿದ್ದಕ್ಕೆ ಬೀಳೋದು ಅದು. ಕರು ಬದುಕ್ತೋ ಸತ್ತೋಯ್ತೋ ಕೊಂಬಿಗೇನು ಗೊತ್ತು?" ಎಂದವರು, ಕಾಫಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

ಮಾರನೆಯ ದಿನದಿಂದಲೇ ಮನೆ ಮನೆ ತಿರುಗಿದೆವು. ಎತ್ತುಗಳ ಕೊಂಬನ್ನು ಅಲ್ಲಿ ಹೆರೆದು ನುಣುಪು ಮಾಡುತ್ತಾರೆ, ಪುಣ್ಯಕ್ಕೆ ಹಸುಗಳದ್ದನ್ನು ಹಾಗೇ ಬಿಟ್ಟಿರುತ್ತಾರೆ. ಡಾಕ್ಟರು ದವಡೆ ಬಿಡಿಸಿ ಹಲ್ಲು ನೋಡುವುದು, ಕೊಂಬಿನ ಬುಡ ಸವರಿ ಬಳೆ ಎಣಿಸುವುದು, ನಾನು ಬರೆದುಕೊಳ್ಳುವುದು. "ಏನ್ ಮೇಡಂ, ನಮ್ ಹಸೀಗೆ ಗಂಡು ನೋಡ್ತಿದೀರಾ?" ಎಂದು ಗಂಡಸರು ಛೇಡಿಸುತ್ತಿದ್ದರು. "ಹೂಂ, ಜಾತಕ ಕೂಡ್ಬೇಕಲ್ಲ" ಎನ್ನುತ್ತಿದ್ದೆ. ನಾನು ಸುಳ್ಳು ಹೇಳುತ್ತಿರಲಿಲ್ಲ.

ಯಜಮಾನರ ಮನೆಯ ಕೊಟ್ಟಿಗೆಯಲ್ಲಿ ಬಿಳಿ ಹಸುವೊಂದಕ್ಕೆ ಅವರ ಹೆಂಡತಿ "ಎರಡ್ನೇ ಸೂಲು" ಎಂದು ಹಿಂದೆ ಬರೆಸಿದ್ದರು. ಡಾಕ್ಟರು ಕೊಂಬು ಸವರಿ, "ಅಮ್ಮಾ, ನಾಲ್ಕು ಬಳೆ ಇದಾವಲ್ಲ?" ಎಂದರು. ಹಲ್ಲೂ ಎಂಟಕ್ಕೆ ಎಂಟು ಬಂದು ಅಂಚು ಸವೆದಿತ್ತು.

"ಬಳೆ ಗಿಳೆ ನಂಗೊತ್ತಿಲ್ಲ. ಎರಡು ಸಲ ಗಿಣ್ಣು ಹಂಚೀವಿ" ಎಂದರು ಆಕೆ, ನಮ್ಮ ಕಡೆ ನೋಡದೆ.

"ಇನ್ನೆರಡು ಸಲ?"

"ಕಂದು ಹಾಕ್ತು."

ಎಷ್ಟು ತಿಂಗಳಿಗೆ ಎಂದು ಕೇಳಿದರೆ ಮೊರ ತೆಗೆದುಕೊಂಡು ಒಳಗೆ ಹೋಗಿಬಿಟ್ಟರು.

ಆ ಊರಿನ ಪದ್ಧತಿ ಆಗ ನನಗೆ ಅರ್ಥವಾಯಿತು. ಹಸು ಈದ ಮೇಲೆ ಕರು ಕುಡಿದು ಉಳಿದ ಗಿಣ್ಣುಹಾಲನ್ನು ಕಾಯಿಸಿ ದೇವರಿಗಿಟ್ಟು, ನೆರೆಹೊರೆಗೆ ಹಂಚುತ್ತಾರೆ. ಹಂಚಿದರೆ ಅದು ಸೂಲು. ಹಂಚುವ ಮೊದಲೇ ಕರು ಹೋದರೆ, ದಿನ ತುಂಬಿಯೇ ಹುಟ್ಟಿದ್ದರೂ, ಅದು ಕಂದು. ಗರ್ಭ ಜಾರಿತು ಎಂದೇ ಲೆಕ್ಕ. ಯಾರಿಗೂ ಹೇಳಬೇಕಾಗಿಲ್ಲ. ತೆಂಗಿನ ಬುಡದಲ್ಲಿ ಹೂತು ಬಂದರೆ ಆಯಿತು. ದೇವರ ಬಸವನಿಂದ ಹುಟ್ಟಿದ ಕರು ಹಾಗಾಯಿತು ಎಂದು ಬಾಯಿಬಿಟ್ಟು ಹೇಳುವುದಕ್ಕೆ ಯಾರಿಗೆ ಧೈರ್ಯ? ಕರು ಏಳಲಿಲ್ಲ ಎಂದು ಡಾಕ್ಟರನ್ನು ಕೂಗಿ ಕರೆದದ್ದು ಹಾಲಿನಕ್ಕ ಒಬ್ಬರೇ. ಊರಲ್ಲಿ ಅವರ ಕೊಟ್ಟಿಗೆಯೊಂದೇ ಕಣ್ಣಿಗೆ ಬಿದ್ದದ್ದು ಅದಕ್ಕೇ.

ಅವರ ಮನೆಯಲ್ಲಿ ಬಳೆಗೂ ಸೂಲಿಗೂ ಎಲ್ಲ ಹಸುವಿನಲ್ಲೂ ತಾಳೆಯಾಯಿತು. ನೀವು ಮಾತ್ರ ಸತ್ತ ಕರುವನ್ನೂ ಸೂಲಿಗೆ ಸೇರಿಸಿದ್ದೀರಲ್ಲ ಎಂದು ಕೇಳಿದೆ.

"ಇನ್ನೇನವ್ವ? ಒಂಬತ್ತು ತಿಂಗ್ಳು ಹೊತ್ತು ಹೆತ್ತೈತೆ. ಕರ ಉಳೀಲಿಲ್ಲ ಅಂತ ಅದು ಹೆತ್ತಿದ್ದು ಸುಳ್ಳಾಯ್ತದಾ?" ಎಂದು ನನ್ನ ಮೇಲೇ ರೇಗಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಒಂದ್ ಲೋಟ ಮಜ್ಜಿಗೆ ಕುಡ್ಕೊಂಡ್ ಹೋಗಿ" ಎಂದರು.

ವಯಸ್ಸು ತಿದ್ದಿ ಮತ್ತೆ ಲೆಕ್ಕ ಓಡಿಸಿದೆ. ಉಬ್ಬಿದ್ದ ಸಾಲು ಇಳಿಯಿತು, ಬರಿದಾದ ಸಾಲು ತುಂಬಿತು. ಎಲ್ಲ ಕಡೆ ಸೂಲಿಗಿಂತ ಹೆಚ್ಚಾದ ಬಳೆಗಳನ್ನು ಕೂಡಿಸಿದರೆ ಒಂಬತ್ತು. ಅದರಲ್ಲಿ ಒಂದು ಮುದಿ ಹಸುವಿನದು, ಕೆರೆ ಏರಿಯಿಂದ ಬಿದ್ದು ಕರು ಸತ್ತದ್ದನ್ನು ಊರೇ ನೋಡಿತ್ತು. ಉಳಿದ ಎಂಟೂ ಬಸವನ ಹೆಣ್ಣುಮಕ್ಕಳದ್ದು. ಅವನು ಬರುವ ಮೊದಲು ಹುಟ್ಟಿದ ಬೇರೊಂದು ಹಸುವಿನಲ್ಲೂ ಹೆಚ್ಚಿನ ಬಳೆ ಇರಲಿಲ್ಲ. ಎಂಟು, ಜೊತೆಗೆ ಹಾಲಿನಕ್ಕನ ಮೂರು. ನನ್ನ ಮಾದರಿ ಹೇಳಿದ್ದು ಹತ್ತರ ಆಸುಪಾಸು! ನಾನು ಎಷ್ಟು ಜೋರಾಗಿ "ಅಬ್ಬಾ!" ಎಂದೆನೋ, ಟೈಪು ಕುಟ್ಟುತ್ತಿದ್ದ ಹುಡುಗಿಯರೆಲ್ಲ ನಿಲ್ಲಿಸಿ ತಿರುಗಿ ನೋಡಿದರು. ನಾಚಿಕೆಯೇನೂ ಆಗಲಿಲ್ಲ. ಅಂಥ ಸಂತೋಷ ಕೆಲಸದಲ್ಲಿ ಎಷ್ಟು ಸಲ ಸಿಕ್ಕೀತು?

ಅಲ್ಲಿಗೇ ನಿಲ್ಲಿಸದೆ ಮುಂದಿನ ವರ್ಷಗಳನ್ನೂ ಓಡಿಸಿ ನೋಡಿದೆ. ಇದ್ದ ಹಾಗೇ ಬಿಟ್ಟರೆ, ಹೆಣ್ಣುಮಕ್ಕಳ ಸಾಲು ಬೆಳೆದಂತೆ ಸಾಯುವ ಕರುಗಳೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತವೆ. ಬಸವನನ್ನು ತೆಗೆದು, ಪದ್ಧತಿಯಂತೆ ಅವನ ಮಗನನ್ನು ಬಿಟ್ಟರೆ? ಮಗನಿಗೂ ಆ ವಂಶವಾಹಿ ಹೋಗಿರುವ ಸಾಧ್ಯತೆ ಅರ್ಧಕ್ಕರ್ಧ, ಊರಿನ ಹಸುಗಳೆಲ್ಲ ಅವನ ಅಕ್ಕತಂಗಿಯರು. ಅದೂ ಆಗದ ಮಾತು. ಸಂಬಂಧವೇ ಇಲ್ಲದ ಊರಿನಿಂದ ಹೋರಿ ತಂದರೆ ಮಾತ್ರ ಸಾಲು ಪೂರ್ತಿ ನೆಟ್ಟಗಾಗುತ್ತಿತ್ತು. ಅದಕ್ಕೂ ಒಂದು ಷರತ್ತು: ಆ ಹೋರಿಯ ಹೆಣ್ಣುಕರುಗಳು ಬೆದೆಗೆ ಬರುವ ಮೊದಲೇ, ಅಂದರೆ ಮೂರು ವರ್ಷದೊಳಗೆ, ಅವನನ್ನೂ ಬದಲಾಯಿಸಬೇಕು.

ಡಾಕ್ಟರು ಇಲಾಖೆಗೆ ವರದಿ ಕಳಿಸೋಣ ಎಂದರು. ಕ್ರಮ ಅದೇ. ಮುಖ್ಯಸ್ಥರೂ ಫೋನಿನಲ್ಲಿ ಅದನ್ನೇ ಹೇಳಿದರು. ಹೊಸ ಅಂಕಿ ಕೇಳಿ ದನಿ ಮಾತ್ರ ಮೆತ್ತಗಾಗಿತ್ತು. ವರದಿ ಹಾಸನಕ್ಕೆ ಹೋಗಿ, ಬೆಂಗಳೂರಿಗೆ ಹೋಗಿ, ತಿರುಗಿ ಬರುವ ಹೊತ್ತಿಗೆ ಹಾಲಿನಕ್ಕನ ಹಸುಗಳು ಯಾರ ಕೊಟ್ಟಿಗೆಯಲ್ಲಿರುತ್ತಿದ್ದವೋ. ಯುಗಾದಿಗೆ ಇನ್ನು ಉಳಿದದ್ದು ಒಂದೇ ಸೋಮವಾರ, ಸೋಮವಾರ ಸಂಜೆ ದೇವಸ್ಥಾನದ ಜಗಲಿಯಲ್ಲಿ ಊರು ಸೇರುತ್ತಿತ್ತು. ಅಲ್ಲೇ ಹೇಳುವುದು ಎಂದು ತೀರ್ಮಾನಿಸಿದೆ. ಯಾವ ಮನೆಯ ಹಸುವಿಗೆ ಎಷ್ಟು ಹೆಚ್ಚಿನ ಬಳೆ ಎಂಬುದನ್ನು ಮಾತ್ರ ಬಾಯಿಬಿಡಬಾರದು ಎಂದೂ ನಿಶ್ಚಯಿಸಿಕೊಂಡೆ. ನಂಬಿ ಕೊಟ್ಟಿಗೆಗೆ ಬಿಟ್ಟುಕೊಂಡವರನ್ನು ಬೀದಿಗೆಳೆಯುವುದು ನನ್ನ ಕೆಲಸವಲ್ಲ.

"ದೇವರ ವಿಷಯ ಮೇಡಂ. ನಂಗೆ ಇದೇ ಹೋಬಳೀಲಿ ಇನ್ನೂ ಸರ್ವೀಸಿದೆ" ಎಂದರು ಡಾಕ್ಟರು.

"ನೀವು ಬರ್ಬೇಡಿ ಬಿಡಿ. ನಾನೇ ಹೇಳ್ತೀನಿ."

ಸೋಮವಾರ ಸಂಜೆ ಬಸ್ಸು ಹತ್ತಿ ನೋಡಿದರೆ ಡಾಕ್ಟರು ಹಿಂದಿನ ಸೀಟಿನಲ್ಲಿ ಕೂತಿದ್ದರು.

ಜಗಲಿಯ ಮೇಲೆ ಗಂಡಸರು, ಕಂಬದ ಆಚೆ ಹೆಂಗಸರು. ನಾನು ಎರಡು ಬಗೆಯ ಕಾಳು ತಂದಿದ್ದೆ, ಕಡಲೆ ಮತ್ತು ಹುರುಳಿ. ನೆಲದ ಮೇಲೆ ಇಟ್ಟು ತೋರಿಸಿದೆ. ಪ್ರತಿಯೊಂದು ದನದಲ್ಲೂ ಎರಡು ಕಾಳು, ಒಂದು ತಾಯಿದು, ಒಂದು ತಂದೆದು. ಹುರುಳಿ ಒಂದೇ ಇದ್ದರೆ ಏನೂ ತೊಂದರೆ ಇಲ್ಲ, ಎರಡೂ ಹುರುಳಿಯಾದರೆ ಕರು ಏಳುವುದಿಲ್ಲ. ಬಸವನಲ್ಲಿ ಒಂದು ಕಡಲೆ, ಒಂದು ಹುರುಳಿ. ಅವನ ಹೆಣ್ಣುಮಕ್ಕಳಿಗೆ ಹೇಗೆ ಹೋಯಿತು, ಅವರಿಂದ ಅವನಿಗೇ ಹುಟ್ಟಿದ ಕರುವಿನಲ್ಲಿ ಎರಡು ಹುರುಳಿ ಹೇಗೆ ಸೇರಿತು ಎಂದು ಕಾಳು ಸರಿಸುತ್ತ ಹೇಳಿದೆ.

ಯಜಮಾನರು ಎದ್ದು ನಿಂತರು. "ಏನಮ್ಮಾ, ದೇವ್ರ ಬಸವಂಗೇ ದೋಷ ಅಂತೀಯಾ?"

"ದೋಷ ಅಲ್ಲ ಯಜಮಾನ್ರೇ. ಇಂಥ ಹುರುಳಿಕಾಳು ನನ್ನಲ್ಲೂ ಇರತ್ತೆ, ನಿಮ್ಮಲ್ಲೂ ಇರತ್ತೆ. ಅದಕ್ಕೇ ಅಲ್ವಾ ನಾವು ಹೆಣ್ಣು ನೋಡೋವಾಗ ಯಾವ ವಂಶ, ಯಾವ ಬೆಡಗು ಅಂತ ಕೇಳೋದು? ಒಂದೇ ಬೆಡಗಿನ ಹೆಣ್ಣು ತರ್ತೀರಾ?"

"ಅಕ್ಕನ ಮಗಳನ್ನ ತರ್ತೀವಲ್ಲ ಮೇಡಂ!" ಎಂದು ಹಿಂದಿನಿಂದ ಯಾರೋ ಕೂಗಿದ. ಜಗಲಿಯೆಲ್ಲ ನಕ್ಕಿತು.

"ಸ್ವಂತ ಮಗಳನ್ನ ತರ್ತೀಯೇನಪ್ಪಾ?"

ನಗು ನಿಂತಿತು. "ಅವನು ಮೂಕಪ್ರಾಣಿ, ಅವನಿಗೇನು ಗೊತ್ತು? ಗೊತ್ತಿರೋ ನಾವು ಅವನಿಗೆ ಬೇರೆ ದಾರಿ ಬಿಟ್ಟಿಲ್ಲ" ಎಂದೆ.

ಯಜಮಾನರು ಜಗ್ಗಲಿಲ್ಲ. "ಮಾತಿಗೇನಮ್ಮಾ, ಎಷ್ಟಾದ್ರೂ ಆಡಬೋದು. ಊರು ತುಂಬ ಬಸವನ ಮಕ್ಕಳವೆ. ನೀನು ಹೇಳೋ ಹಂಗಾಗಿದ್ರೆ ಎಲ್ಲರ ಮನೇಲೂ ಆಗ್ಬೇಕಿತ್ತು. ಆ ಯಮ್ಮನ ಮನೇಲೇ ಯಾಕಾಯ್ತು? ಹೇಳು ನೋಡಾಣ."

ಉತ್ತರ ನನ್ನ ಚೀಲದಲ್ಲಿತ್ತು. ಎಂಟು ಬಳೆ, ಯಾವ ಯಾವ ಮನೆಯವು ಎಂಬುದೂ ಗೊತ್ತಿತ್ತು. ಎರಡು ಅವರದ್ದೇ ಕೊಟ್ಟಿಗೆಯಲ್ಲಿದ್ದವು. ನಾಲಿಗೆ ತುದಿಗೆ ಬಂತು, ಸುಳ್ಳೇಕೆ ಹೇಳಲಿ. ಕಂಬದ ಆಚೆ ಹಾಲಿನಕ್ಕ ಗೋಡೆಗೊರಗಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಹೇಳಿದೆ: "ಆ ಮನೇಲಿ ಮಾತ್ರ ಆಯ್ತು ಅಂತ ನಾನು ಹೇಳಿಲ್ಲ ಯಜಮಾನ್ರೇ. ಆ ಮನೆಯವರು ಮಾತ್ರ ಡಾಕ್ಟ್ರನ್ನ ಕರೆದ್ರು. ಅಷ್ಟೇ ನನಗೆ ಗೊತ್ತಿರೋದು."

ಡಾಕ್ಟರು ಕೆಮ್ಮಿದರು. ಇಷ್ಟೇ, ಕೆಟ್ಟಿತು ಕೆಲಸ ಎಂದುಕೊಂಡೆ.

"ನಮ್ಮನೇಲೂ ಎರಡು."

ಹೆಂಗಸರ ಕಡೆಯಿಂದ ಬಂದ ದನಿ. ಯಜಮಾನರ ಹೆಂಡತಿ. ಗಂಡನ ಕಡೆ ನೋಡದೆ, ನೆಲದ ಮೇಲಿನ ಕಾಳು ನೋಡುತ್ತ ಹೇಳಿದರು: "ಬಿಳಿ ಹಸೀಂದು. ಕಾಲು ಹಿಂಗೇ ಮಡಚ್ಕೊಂಡಿದ್ವು. ನಾನೇ ಹೂತು ಬಂದೆ. ನಿಮ್ಗೂ ಕಂದು ಅಂತ್ಲೇ ಹೇಳಿದ್ದೆ."

ನಿಂತಿದ್ದ ಯಜಮಾನರು ಕೂತುಬಿಟ್ಟರು. ಆಮೇಲೆ ಇನ್ನೊಬ್ಬಾಕೆ, "ನಮ್ದೂ ಒಂದು, ಹೋದ ಕಾರ್ತೀಕದಲ್ಲಿ" ಎಂದಳು. ಒಬ್ಬ ಮುದುಕಿ, ಒಬ್ಬ ಎಳೆಯ ಸೊಸೆ. ಎಲ್ಲ ಹೆಂಗಸರೇ, ಕೊಟ್ಟಿಗೆ ಕಸ ಬಾಚುವವರು ಅವರೇ ತಾನೇ. ನಾನು ಮನಸ್ಸಿನಲ್ಲಿ ಎಣಿಸುತ್ತ ಹೋದೆ. ಎಂಟಾಯಿತು.

ಹಾಲಿನಕ್ಕ ಜನರ ನಡುವೆ ದಾರಿ ಮಾಡಿಕೊಂಡು ಯಜಮಾನರ ಹೆಂಡತಿಯ ಎದುರು ಬಂದು ನಿಂತರು. "ನನ್ನ ಹಸಾ ಮಂದೆಯಿಂದ ಹೊರಗಾಕ್ದಾಗ ನೀನು ನಿಮ್ಮನೆ ಬಾಗ್ಲಲ್ಲೇ ನಿಂತಿದ್ದೆ ಕಣೇ. ಹೂತು ಬಂದಿದ್ಯಲ್ಲ, ಅವತ್ತು ನನ್ನ ಜ್ಞಾಪಕ ಬರ್ಲಿಲ್ವೇನೇ ನಿಂಗೆ?"

"ಬಂತು ಕಣೇ" ಎಂದರು ಆಕೆ. "ನಿಂಗಾಗಿದ್ದು ಜ್ಞಾಪಕ ಬಂದಿದ್ಕೇ ಬಾಯ್ಮುಚ್ಕೊಂಡೆ."

ಹಾಲಿನಕ್ಕ ಸೆರಗು ಸರಿಮಾಡಿಕೊಂಡು ಮನೆಗೆ ಹೊರಟುಹೋದರು.

ಮಿಕ್ಕದ್ದು ಬೇಗ ಮುಗಿಯಿತು. ಬಸವನಿಗೆ ಹಗ್ಗ ಹಾಕುವ ಹಾಗಿಲ್ಲ, ಬೀಜ ಒಡೆಸುವ ಮಾತಂತೂ ಎತ್ತುವ ಹಾಗೇ ಇಲ್ಲ. ಪೂಜಾರಿಯೇ ದಾರಿ ಹೇಳಿದರು: ಮಠಕ್ಕೆ ಬಿಡುವುದು. ಅಲ್ಲಿರುವುದು ಎತ್ತುಗಳು ಮಾತ್ರ, ಹಸುವಿಲ್ಲ, ಮರ್ಯಾದೆಗೂ ಕೊರತೆಯಿಲ್ಲ. ಹೊಸ ಹೋರಿಯನ್ನು ಹುಲಿಕೆರೆ ಕಡೆಯಿಂದ ತರುವುದು, ಮೂರು ವರ್ಷಕ್ಕೆ ಬದಲಾಯಿಸುವುದು. ಮಗನನ್ನು ಬಿಡುವ ಪದ್ಧತಿ ಏನಾಗಬೇಕು ಎಂದು ಒಬ್ಬರು ಕೇಳಿದರು. ಯಜಮಾನರೇ ಉತ್ತರ ಕೊಟ್ಟರು. "ಬೆಡಗು ನೋಡದೆ ಸಂಬಂಧ ಮಾಡಿದ್ದು ನಮ್ಮ ತಪ್ಪು. ಪದ್ಧತಿ ತಿದ್ಕಳಾಣ." ಹಸು ಮಾರುವ ಮಾತನ್ನು ಯಾರೂ ಎತ್ತಲಿಲ್ಲ. ಮಾರಬೇಡ ಎಂದೂ ಯಾರೂ ಹೇಳಲಿಲ್ಲ, ಅದು ನನಗೆ ಚುಚ್ಚಿತು.

ಕೊನೆಯ ಬಸ್ಸು ಹೋಗಿತ್ತು. ಡಾಕ್ಟರು ಯಾರದೋ ಬೈಕಿನ ಹಿಂದೆ ಕೂತು ಹೋದರು. ನಾನು ಹಾಲಿನಕ್ಕನ ಮನೆಯಲ್ಲಿ ಉಳಿದೆ. ಅವರು ಮುದ್ದೆ ಮಾಡಿ ಬಡಿಸಿದರು.

ಬೆಳಿಗ್ಗೆ ಮಂದೆ ಹೊರಡುವ ಹೊತ್ತಿಗೆ ಹಿತ್ತಿಲಲ್ಲಿ ಸದ್ದಾಯಿತು. ಬಗ್ಗಿ ನೋಡಿದರೆ ಯಜಮಾನರ ಹೆಂಡತಿ, ಕರೆಯದೆ ಕೇಳದೆ ಬಂದು, ಗೂಟದಿಂದ ಹಾಲಿನಕ್ಕನ ಹಸುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಮೂರನ್ನೂ ಬಿಚ್ಚಿ, ಬೀದಿಯಲ್ಲಿ ನಿಲ್ಲಿಸಿದ್ದ ತಮ್ಮ ಬಿಳಿ ಹಸುವಿನ ಜೊತೆ ಸೇರಿಸಿ, ನಡುಬೀದಿಯಲ್ಲೇ ಹೊಡೆದುಕೊಂಡು ಹೊರಟರು. ಜನ ಬಾಗಿಲುಗಳಿಗೆ ಬಂದು ನಿಂತು ನೋಡಿದರು. ಹಾಲಿನಕ್ಕ ಹೊಸಿಲ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು, ತುಟಿ ಬಿಗಿಹಿಡಿದು. ಹಸುಗಳು ಯಜಮಾನರ ಮನೆ ದಾಟಿ ಮಂದೆಯ ಹತ್ತಿರ ಹೋದವು. ಆಗ ಒಮ್ಮೆಲೇ ಕೂಗಿದರು:

"ಏಯ್, ಕೆಂದಿ ಹಿಂಗಾಲು ಕುಂಟ್ತೈತೆ ಕಣೇ! ಮೆಲ್ಲಗೆ ಹೊಡ್ಕೊಂಡು ಹೋಗು!"